ಗಬ್ಬೂರಿನ ಕಷಾಯ ಮತ್ತು ನನ್ನ ಎರಡು ಗುಳಿಗೆ

ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಪ್ರತಿ ವರ್ಷ ಹೃದಯದ ಪಾಠ ಬರುತ್ತಿತ್ತು. ಪ್ರತಿ ವರ್ಷ ಕರಿಹಲಗೆಯ ಮೇಲೆ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಹೃದಯ ಬರೆಯುತ್ತಿದ್ದೆ. ನಾಲ್ಕು ಕೋಣೆ, ಒಳಗೆ ಬರುವ ರಕ್ತ, ಹೊರಗೆ ಹೋಗುವ ರಕ್ತ. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದವರು ಅದನ್ನು ಅಳಿಸಬೇಡಿ ಎಂದು ಹೇಳಿ ಹೋದದ್ದರಿಂದ ಗಣಿತದ ಮಾಸ್ತರರು ಎರಡು ದಿನ ಹಲಗೆಯ ಮೂಲೆಯಲ್ಲಿ ಲೆಕ್ಕ ಬಿಡಿಸಬೇಕಾಯಿತು. ಆದರೆ ಹೃದಯಕ್ಕೂ ತನ್ನದೇ ರಕ್ತ ಬೇಕು, ಅದಕ್ಕೆಂದೇ ಅದರ ಮೈಮೇಲೆ ಸಣ್ಣ ಸಣ್ಣ ರಕ್ತನಾಳಗಳು ಹಬ್ಬಿರುತ್ತವೆ ಎಂಬುದನ್ನು ನಾನು ಎಂದೂ ಬರೆದು ತೋರಿಸಲಿಲ್ಲ. ಪರೀಕ್ಷೆಗೆ ಅದು ಬರುತ್ತಿರಲಿಲ್ಲ.

ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆ ಬಂತು. ರೈಲ್ವೆ ಸ್ಟೇಶನ್ನಿನ ಮೇಲ್ಸೇತುವೆ ಹತ್ತುವಾಗ ಎದೆಯ ಮೇಲೆ ಯಾರೋ ಅಂಗೈ ಊರಿ ನಿಂತಂತಾಯಿತು. ಮೆಟ್ಟಿಲ ಮೇಲೆ ಕೂತೆ. ಕೂತ ಮೇಲೆ ಹೋಯಿತು. ಗ್ಯಾಸು ಎಂದೆ. ನಮ್ಮ ಜಿಲ್ಲೆಯಲ್ಲಿ ಕುತ್ತಿಗೆಯಿಂದ ಸೊಂಟದವರೆಗೆ ಯಾವ ನೋವು ಬಂದರೂ ಅದು ಗ್ಯಾಸು. ಎರಡನೆಯ ಸಲ ಸಂತೆಯಿಂದ ಬರುವಾಗ ಬಂತು, ಆಗಲೂ ಗ್ಯಾಸು ಎಂದೆ. ಮೂರನೆಯ ಸಲ ನನ್ನ ಹೆಂಡತಿ ಜೊತೆಯಲ್ಲಿದ್ದಳು. ಅವಳು ನನ್ನ ಮುಖ ನೋಡಿ, ಕೈಚೀಲವನ್ನು ಎಡಗೈಗೆ ಬದಲಾಯಿಸಿ, “ಗ್ಯಾಸು ಬಂದ್ರ ಯಾರೂ ಹಿಂಗ ಬೆವರಂಗಿಲ್ಲ. ನಡೀರಿ ದವಾಖಾನಿಗೆ” ಎಂದಳು.

ಮಣಿಕಟ್ಟಿನೊಳಗಿಂದ ತೆಳ್ಳಗಿನ ನಳಿಕೆ ಹಾಕಿ, ಔಷಧಿ ಬಿಟ್ಟು, ಪರದೆಯ ಮೇಲೆ ತೋರಿಸಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಕಪ್ಪು ಕೊಳವೆಯೊಂದು ಎರಡು ಕಡೆ ಸೊರಗಿತ್ತು. ಒಂದು ಕಡೆ ಅರ್ಧದಷ್ಟು, ಇನ್ನೊಂದು ಕಡೆ ಅರ್ಧಕ್ಕಿಂತ ತುಸು ಹೆಚ್ಚು. ಈಗಲೇ ಸ್ಟೆಂಟು ಬೇಡ, ಗುಳಿಗೆಯಲ್ಲಿ ನೋಡೋಣ ಎಂದರು.

“ಇದು ಎಷ್ಟು ತಿಂಗಳದಾಗ ಹೋಗ್ತದ್ರಿ?” ಎಂದು ಕೇಳಿದೆ.

“ಹೋಗಂಗಿಲ್ಲ ಸರ್. ಅಲ್ಲೇ ಇರ್ತದ. ಅದು ಸುಮ್ನ ಕೂಡೂ ಹಂಗ ನೋಡ್ಕೋಬೇಕು.”

ಆಮೇಲೆ ಅವರು ಒಂದು ಹಾಳೆಯ ಹಿಂದೆ ಬರೆದು ವಿವರಿಸಿದರು. ರಕ್ತನಾಳದ ಗೋಡೆಯ ಒಳಗೆ ಜಿಡ್ಡು ಸೇರಿ ಗಂಟಾಗುತ್ತದೆ. ಅದರ ಮೇಲೊಂದು ತೆಳು ಪೊರೆ ಇರುತ್ತದೆ. ಅಪಾಯ ಬರುವುದು ಗಂಟು ದೊಡ್ಡದಿರುವುದರಿಂದ ಮಾತ್ರವಲ್ಲ, ಆ ಪೊರೆ ಒಡೆಯುವುದರಿಂದ. ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಮೊದಲನೆಯ ಗುಳಿಗೆ ರಕ್ತದ ಕೆಟ್ಟ ಕೊಲೆಸ್ಟರಾಲ್ ಇಳಿಸಿ, ಪೊರೆಯನ್ನು ಗಟ್ಟಿ ಮಾಡುತ್ತದೆ, ಗಂಟನ್ನು ಕೆಲವು ಸಲ ಚೂರು ಕುಗ್ಗಿಸುತ್ತದೆ ಕೂಡ. ಎರಡನೆಯದು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಜೊತೆಗೆ ದಿನಾ ನಡಿಗೆ, ಎಣ್ಣೆ ಉಪ್ಪು ಕಡಿಮೆ, ಕಾಳು ಸೊಪ್ಪು ಹೆಚ್ಚು. ಮೂರು ತಿಂಗಳಿಗೆ ಒಂದು ರಕ್ತಪರೀಕ್ಷೆ. ಅಷ್ಟೇ ಎಂದರು.

ನನಗೆ ಅಷ್ಟೇ ಎಂಬುದು ಸಾಲಲಿಲ್ಲ. ಎದೆಯೊಳಗೆ ಕಸ ಕೂತಿದೆ ಎಂದು ಚಿತ್ರ ಸಮೇತ ತೋರಿಸಿ, ಅದನ್ನು ತೆಗೆಯುವುದಿಲ್ಲ, ಗದ್ದಲ ಮಾಡದಂತೆ ಕೂಡಿಸುತ್ತೇವೆ ಎಂದರೆ ಯಾರಿಗೆ ಸಮಾಧಾನ? ಮೂವತ್ತೆರಡು ವರ್ಷ ನಾನು ಕೊನೆಯ ಬೆಂಚಿನವರನ್ನು ಹಾಗೆ ಕೂಡಿಸಿದ್ದೇನೆ. ಅದು ಎಷ್ಟು ಹೊತ್ತು ನಡೆಯುತ್ತದೆ ಎಂದು ನನಗೆ ಗೊತ್ತು.

ಮನೆಯಲ್ಲಿ ಹೆಂಡತಿ ಅದೇ ದಿನದಿಂದ ಆಡಳಿತ ಕೈಗೆ ತೆಗೆದುಕೊಂಡಳು. ಉಪ್ಪಿನಕಾಯಿಯ ಭರಣಿಗಳು ಅಟ್ಟ ಸೇರಿದವು. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕತೊಡಗಿದಳು. ಅಗಸಿ ಚಟ್ನಿ, ಮೆಂತೆ ಸೊಪ್ಪು, ಜೋಳದ ರೊಟ್ಟಿ, ಉಪ್ಪು ಕಂಡೂ ಕಾಣದ ಸಾರು. ಅವಳ ಎದೆ ಗಟ್ಟಿಯಾಗಿತ್ತು, ಅವಳು ಬೇರೆ ಮಾಡಿಕೊಂಡು ಉಣ್ಣಬಹುದಿತ್ತು. ಅವಳೂ ಅದನ್ನೇ ಉಂಡಳು. ಒಂದು ದಿನವೂ ಮುಖ ಸೊಟ್ಟಗೆ ಮಾಡಲಿಲ್ಲ. ಬೆಳಗಿನ ನಡಿಗೆಗೆ ನನ್ನ ಜೊತೆ ಬರುತ್ತಿದ್ದಳು, ನಾನು ನಿಂತರೆ ನಿಲ್ಲುತ್ತಿದ್ದಳು, ಅಷ್ಟೇ ಹೊತ್ತು ಬೇರೆ ಕಡೆ ನೋಡುತ್ತಿದ್ದಳು.

ಗುಳಿಗೆ ಮಾತ್ರ ಅವಳ ಕೈಗೆ ಸಿಗುವಂತಿರಲಿಲ್ಲ. ನಮ್ಮದು ವೈಷ್ಣವರ ಮನೆ. ಅಡಿಗೆ ಮಾಡಿ ನೈವೇದ್ಯವಾಗಿ ನನಗೆ ಬಡಿಸುವವರೆಗೆ ಅವಳು ಮಡಿಯಲ್ಲಿರುತ್ತಾಳೆ. ಅಂಗಡಿಯಿಂದ ಬಂದ ವಸ್ತು ಮುಟ್ಟುವ ಹಾಗಿಲ್ಲ. ನನಗೆ ಗುಳಿಗೆ ಮಧ್ಯಾಹ್ನದ ಊಟವಾದ ಕೂಡಲೇ. ಹಾಗಾಗಿ ಗುಳಿಗೆಯ ಡಬ್ಬಿ ಪಡಸಾಲೆಯ ಗೂಡಿನಲ್ಲಿ ನನ್ನ ಕೈಯಲ್ಲೇ ಉಳಿಯಿತು. ನಾನು ಕೈ ತೊಳೆಯಲು ಏಳುತ್ತಲೇ ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು:

“ಗುಳಿಗಿ ಆತೇನ್ರೀ?”

“ಆತು” ಎನ್ನುತ್ತಿದ್ದೆ. ಅವಳು ಒಳಗೆ ಹೋಗಿ ತನ್ನ ಎಲೆ ಹಾಕಿಕೊಳ್ಳುತ್ತಿದ್ದಳು. ನಾನು ಆತು ಅನ್ನುವವರೆಗೆ ಅವಳು ಊಟಕ್ಕೆ ಕೂಡುತ್ತಿರಲಿಲ್ಲ.

ಒಂದು ತಿಂಗಳು ಹೀಗೆ ಸರಿಯಾಗಿಯೇ ನಡೆಯಿತು. ಆಮೇಲೆ ನನ್ನ ಗೆಳೆಯನ ಫೋನು ಬಂತು.

ಈ ಗೆಳೆಯ ಗಬ್ಬೂರಿನವನು, ಶೈವ ಒಕ್ಕಲುತನದ ಮನೆಯವನು. ದೇವದುರ್ಗದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ಮುಂದೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕಡೆಗೆ ಕೆಲಸಕ್ಕೆ ಸೇರಿ, ನಿವೃತ್ತಿಯಾದ ಮೇಲೆ ಊರಿಗೆ ಬಂದು ಹೊಲ ನೋಡಿಕೊಂಡಿದ್ದಾನೆ. ಅವನಿಗೂ ಒಂದು ವರ್ಷದ ಹಿಂದೆ ನನ್ನದೇ ಕಾಯಿಲೆ ಗೊತ್ತಾಗಿತ್ತು. ನನ್ನ ಸುದ್ದಿ ಕೇಳಿ ಅವನಿಗೆ ದುಃಖವೇನೂ ಆಗಲಿಲ್ಲ, ಜೊತೆ ಸಿಕ್ಕಿತೆಂದು ಹುರುಪಾಯಿತು.

“ಲೇ ಮಾಸ್ತರ, ಬಾ ಈ ಕಡಿ. ನಂದು ಹೆಂಗ ಸಾಫ್ ಮಾಡ್ಕೊಂಡೀನಿ ತೋರಿಸ್ತೀನಿ.”

ಬಸ್ಸು ಹತ್ತಿ ಹೋದೆ. ಅವನು ಕಟ್ಟೆಯ ಮೇಲೆ ಕೂಡಿಸಿ ಉಪನ್ಯಾಸ ಶುರುಮಾಡಿದ. ಬಾಯ್ಲರಿನ ಕೊಳವೆಗಳಲ್ಲಿ ನೀರು ಕುದ್ದು ಕುದ್ದು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೊಳವೆ ಸಣ್ಣದಾಗುತ್ತದೆ. ಬಿಟ್ಟರೆ ಒಂದು ದಿನ ಒಡೆಯುತ್ತದೆ. ಅದಕ್ಕೆ ಏನು ಮಾಡುತ್ತಾರೆ? ಆಮ್ಲ ಹಾಯಿಸಿ ತೊಳೆಯುತ್ತಾರೆ. ಪದರ ಕರಗಿ ಕೆಸರಾಗಿ ಹೊರಗೆ ಬರುತ್ತದೆ. ಇದನ್ನು ಅವನು ತನ್ನ ಕಣ್ಣಾರೆ ಕಂಡಿದ್ದಾನೆ, ಬಕೆಟ್ಟು ಬಕೆಟ್ಟು.

“ನಿನ್ನ ಎದಿಯಾಗ ಇರೂದೂ ಕೊಳವಿನಾ. ಲಿಂಬಿಹಣ್ಣು ಆಮ್ಲ ಹೌದಿಲ್ಲೋ? ಸಿರ್ಕಾ ಆಮ್ಲ ಹೌದಿಲ್ಲೋ? ನೀನಾ ಕಲಿಸೀದಿ ಹುಡುಗರಿಗೆ.”

ಹೌದು, ಕಲಿಸಿದ್ದೆ. ಲಿಂಬೆರಸ ಹೊಟ್ಟೆಗೆ ಹೋಗುತ್ತದೆ, ರಕ್ತನಾಳಕ್ಕೆ ಲಿಂಬೆರಸವಾಗಿಯೇ ಹೋಗುವುದಿಲ್ಲ ಎಂಬುದನ್ನೂ ಕಲಿಸಿದ್ದೆ. ಆ ಕ್ಷಣದಲ್ಲಿ ಅದು ನೆನಪಾಯಿತು ಕೂಡ. ಆದರೆ ಅವನು ಒಳಗಿಂದ ಎರಡು ಕಾಗದ ತಂದು ನನ್ನ ತೊಡೆಯ ಮೇಲಿಟ್ಟ. ಒಂದು ವರ್ಷದ ಹಿಂದಿನ ರಕ್ತಪರೀಕ್ಷೆ, ಮತ್ತು ಹೋದ ವಾರದ್ದು. ಕೆಟ್ಟ ಕೊಲೆಸ್ಟರಾಲ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕಾಗದದ ಮುಂದೆ ನನ್ನ ವಿಜ್ಞಾನ ಬಾಯಿ ಮುಚ್ಚಿಕೊಂಡಿತು. ಏನು ತೆಗೆದುಕೊಂಡೆ ಎಂದು ಕೇಳಿದೆ. ಅವನು ಸೀಸೆ ತಂದ.

ಬೆಳ್ಳುಳ್ಳಿ ರಸ, ಹಸಿಶುಂಠಿ ರಸ, ಲಿಂಬೆರಸ, ಸೇಬಿನ ಸಿರ್ಕಾ ಎಂದರೆ ವಿನೆಗರ್. ನಾಲ್ಕನ್ನೂ ಸಮ ಸಮ ಸೇರಿಸಿ, ಸಣ್ಣ ಉರಿಯಲ್ಲಿ ಕುದಿಸಿ ಇಂಗಿಸಿ, ಆರಿದ ಮೇಲೆ ಜೇನು. ದಿನಾ ಬೆಳಿಗ್ಗೆ ಒಂದು ಚಮಚ. ಫೋನಿನಲ್ಲಿ ಊರಿಂದೂರಿಗೆ ತಿರುಗುವ ಕಷಾಯವೇ ಇದು, ನಾನೂ ಓದಿದ್ದೆ. ಓದಿ ನಕ್ಕಿದ್ದೆ. ನಗಲು ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ, ಉಳ್ಳಾಗಡ್ಡಿ ಹೊಸ್ತಿಲು ದಾಟಿಲ್ಲ. ನಮ್ಮಪ್ಪ ದಾಟಿಸಲಿಲ್ಲ, ಅವರಪ್ಪ ದಾಟಿಸಲಿಲ್ಲ. ಅರವತ್ತೊಂದು ವರ್ಷ ನಾನು ಮದುವೆಮನೆಗಳಲ್ಲಿ ಪಲ್ಯದ ವಾಸನೆ ನೋಡಿ, ಕೇಳಿ, ಆಮೇಲೆ ಎಲೆಗೆ ಹಾಕಿಸಿಕೊಂಡವನು.

“ನನಗ ಬಳ್ಳೊಳ್ಳಿ ನಡಿಯಂಗಿಲ್ಲ” ಎಂದೆ.

“ಅದಕ್ಕಾ ಹೇಳಾಕತ್ತೀನಿ” ಎಂದ ಅವನು. “ನಮ್ಮ ಮೈಗೆ ರೂಢಿ ಆಗಿಬಿಟ್ಟದ, ಹುಟ್ಟಿದಾಗಿಂದ ತಿಂತೀವಿ. ನಿಮ್ಮ ಏಳು ತಲಿಮಾರಿನಾಗ ಯಾರೂ ಮುಟ್ಟಿಲ್ಲ. ನನಗ ಒಂದು ಚಮಚ ಮಾಡೂ ಕೆಲಸ ನಿನಗ ಕಾಲು ಚಮಚ ಮಾಡ್ತದ.”

ನಾನು ಈಗ ಬರೆಯುವುದನ್ನು ಓದಿ ಯಾರಾದರೂ ನಗಬಹುದು, ನನಗೇನೂ ಬೇಸರವಿಲ್ಲ. ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು. ಹಿರಿಯರು ಇಷ್ಟು ತಲೆಮಾರು ಹಟ ಹಿಡಿದು ಒಂದು ಗಡ್ಡೆಯನ್ನು ದೂರ ಇಟ್ಟಿದ್ದಾರೆ ಎಂದರೆ ಅದರಲ್ಲಿ ಏನೋ ಭಾರಿ ಶಕ್ತಿ ಇರಲೇಬೇಕು. ಶಕ್ತಿ ಇಲ್ಲದ್ದನ್ನು ಯಾರು ಬಿಡಿಸುತ್ತಾರೆ? ಕುಂಬಳಕಾಯಿಯನ್ನು ಯಾರಾದರೂ ಹಾಗೆ ಬಿಡಿಸಿದ್ದಾರೆಯೇ? ಆ ಶಕ್ತಿ ನನ್ನ ವಂಶದ ಒಂದೂ ರಕ್ತನಾಳವನ್ನು ಇನ್ನೂ ಮುಟ್ಟಿಲ್ಲ. ನನ್ನ ಮೈ ಅದಕ್ಕಾಗಿ ಏಳು ತಲೆಮಾರಿನಿಂದ ಖಾಲಿ ಬಿದ್ದಿದೆ. ಬೆಳ್ಳುಳ್ಳಿ ತಿನ್ನುವ ಯಾವ ಮನೆಯಲ್ಲೂ ಈ ತರ್ಕ ಹುಟ್ಟುತ್ತಿರಲಿಲ್ಲ.

ಕುಡಿಯುವ ಮೊದಲು ಜನಿವಾರವನ್ನು ಎತ್ತಿ ಬಲಗಿವಿಗೆ ಸುತ್ತಿಕೊಂಡೆ. ಮೈಲಿಗೆಯ ಕೆಲಸಕ್ಕೆ ಹೋಗುವಾಗ ಹಾಗೆ ಮಾಡುವುದು ನಮ್ಮ ಪದ್ಧತಿ. ಗೆಳೆಯ ಅದನ್ನು ನೋಡಿ, “ಹಿತ್ತಲ ಆ ಕಡಿ ಅದ” ಎಂದು ಕೈ ತೋರಿಸಿದ. ಅದಕ್ಕಲ್ಲ ಎಂದೆ. ಚಮಚ ಬಾಯಿಗೆ ಹೋಯಿತು. ಕಣ್ಣಿನಿಂದ, ಮೂಗಿನಿಂದ ನೀರು ಬಂತು, ಕಿವಿ ಬಿಸಿಯಾಯಿತು. ಇಷ್ಟು ಉರಿಯುವುದು ಎದೆಯೊಳಗೆ ಏನನ್ನಾದರೂ ಕರಗಿಸಲೇಬೇಕು ಎಂದು ಖಾತ್ರಿಯಾಯಿತು.

ಸೀಸೆಯನ್ನು ಮನೆಗೆ ತರುವ ಮಾತೇ ಇರಲಿಲ್ಲ. ದಿನಾ ಗಬ್ಬೂರಿಗೆ ಹೋಗುವುದೂ ಆಗದು. ಮಂಗಳವಾರ ಮತ್ತು ಶನಿವಾರ ಎಂದು ಗೊತ್ತುಮಾಡಿಕೊಂಡೆ. ವಾರಕ್ಕೆ ಏಳು ಚಮಚ, ಎರಡು ಸಲಕ್ಕೆ ಹಂಚಿದರೆ ಸಲಕ್ಕೆ ಮೂರೂವರೆ. ಸರಾಸರಿ ದಿನಕ್ಕೆ ಒಂದು. ಅರ್ಧ ಚಮಚ ಅಳೆಯುವುದು ತ್ರಾಸೆಂದು ಗೆಳೆಯ ನಾಲ್ಕು ಹಾಕುತ್ತಿದ್ದ. ಹೊಟ್ಟೆ ಸರಾಸರಿಯನ್ನು ಒಪ್ಪಲಿಲ್ಲ, ವಾಪಸು ಬರುವ ಬಸ್ಸಿನಲ್ಲಿ ತನ್ನ ಅಭಿಪ್ರಾಯ ತಿಳಿಸುತ್ತಿತ್ತು. ಜೇಬಿನಲ್ಲಿ ಸೋಂಪು, ಏಲಕ್ಕಿ, ಲವಂಗ ಇಟ್ಟುಕೊಂಡು ದಾರಿಯುದ್ದಕ್ಕೂ ಅಗಿಯುತ್ತಿದ್ದೆ. ಪಕ್ಕದಲ್ಲಿ ಕೂತವರು ಒಂದೆರಡು ಸ್ಟಾಪು ನೋಡಿ ಬೇರೆ ಸೀಟಿಗೆ ಎದ್ದು ಹೋಗುತ್ತಿದ್ದರು.

ಮನೆಯಲ್ಲಿ, ಗಬ್ಬೂರಿನ ಹಳೆಯ ಗುಡಿಗಳ ಬಗ್ಗೆ ಬರೆಯುತ್ತಿದ್ದೇನೆ ಎಂದಿದ್ದೆ. ಅಲ್ಲಿ ಹಳೆಯ ಗುಡಿಗಳು ಬೇಕಾದಷ್ಟಿವೆ. ಬಸ್ಸಿನಲ್ಲಿ ಬಂದವನು ನೇರ ಬಚ್ಚಲಿಗೆ ಹೋಗಿ ಸ್ನಾನ ಮಾಡುವುದು ನಮ್ಮಲ್ಲಿ ಎಂದಿನ ಪದ್ಧತಿಯೇ ಆದ್ದರಿಂದ ಅನುಮಾನಕ್ಕೆ ಜಾಗವಿರಲಿಲ್ಲ. ಹೆಂಡತಿಗೆ ಖುಷಿಯಾಗಿತ್ತು. ನಿವೃತ್ತಿಯಾದ ಮೇಲೆ ನಾನು ಒಂದು ಕೆಲಸ ಹಿಡಿದೆನೆಂದು ಮಾನ್ವಿಯಲ್ಲಿರುವ ತನ್ನ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಶನಿವಾರ ಹೊರಡುವಾಗ ಹೊಸ ನೋಟುಬುಕ್ಕು ಕೊಟ್ಟು ಕಳಿಸಿದಳು.

ಇಷ್ಟೇ ಆಗಿದ್ದರೆ ಇದೊಂದು ನಗೆಯ ಸಂಗತಿಯಾಗಿ ಮುಗಿದುಹೋಗುತ್ತಿತ್ತು. ನಾನು ಗುಳಿಗೆಯನ್ನೂ ಬಿಟ್ಟೆ.

ಯಾಕೆ ಬಿಟ್ಟೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು, ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ಗುಳಿಗೆ ಶುರುವಾದ ಮೇಲೆ ಮೀನಖಂಡ ನೋಯುತ್ತಿತ್ತು, ಅದು ಖರೆ. ಕಾಲು ನೋವಿನ ಬಗ್ಗೆ ಫೋನಿನಲ್ಲಿ ನೂರು ಮಂದಿ ನೂರು ಬರೆದಿದ್ದನ್ನು ಓದಿದೆ, ಅದೂ ಖರೆ. ಆದರೆ ನಿಜವಾದ ಕಾರಣವನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅರವತ್ತೊಂದು ವರ್ಷ ಕಾಯ್ದುಕೊಂಡ ಆಚಾರವನ್ನು ನಾನು ಚಮಚದ ಲೆಕ್ಕದಲ್ಲಿ ಕೆಡಿಸಿಕೊಳ್ಳುತ್ತಿದ್ದೆ. ಅಷ್ಟು ಕಳೆದುಕೊಂಡ ಮೇಲೆ, ನನ್ನ ಎದೆ ಸಾಫ್ ಆದದ್ದು ಬೆಳ್ಳುಳ್ಳಿಯಿಂದಲೇ ಆಗಬೇಕಿತ್ತು. ಗುಳಿಗೆಯಿಂದ ಆದರೆ ನಾನು ಕೆಟ್ಟದ್ದು ದಂಡ. ಎರಡನ್ನೂ ತೆಗೆದುಕೊಂಡರೆ ಯಾವುದರಿಂದ ಆಯಿತೆಂದು ಗೊತ್ತಾಗುವುದು ಹೇಗೆ? ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಹುಡುಗರಿಗೆ ಹೇಳಿಕೊಟ್ಟವನು ನಾನು. ಪ್ರಯೋಗದ ಇಲಿಯೂ ನಾನೇ ಎಂಬುದನ್ನು ಮರೆತೆ.

ದಿನಾ ಮಧ್ಯಾಹ್ನ ಊಟ ಮುಗಿಸಿ, ಎರಡು ಗುಳಿಗೆ ಬಿಡಿಸಿ, ಕೈ ತೊಳೆಯುವಾಗ ಮೋರಿಗೆ ಬಿಡುತ್ತಿದ್ದೆ. ಆ ನಾಲ್ಕು ತಿಂಗಳಲ್ಲಿ ರಾಯಚೂರಿನಲ್ಲಿ ನಮ್ಮ ಮೋರಿಯಷ್ಟು ಒಳ್ಳೆಯ ಔಷಧೋಪಚಾರ ಯಾರಿಗೂ ಆಗಿರಲಿಕ್ಕಿಲ್ಲ. ಮೂರು ತಿಂಗಳ ರಕ್ತಪರೀಕ್ಷೆ ಬಂದಾಗ ಪ್ರಯೋಗ ಇನ್ನೂ ಮುಗಿದಿಲ್ಲವೆಂದು ಮುಂದೆ ಹಾಕಿದೆ. ಬಾಗಿಲಲ್ಲಿ ಎಂದಿನ ಪ್ರಶ್ನೆ ಬರುತ್ತಿತ್ತು. ಆತು ಎನ್ನುತ್ತಿದ್ದೆ. ಮೊದಲ ದಿನ ಹೇಳುವಾಗ ನಾಚಿಕೆಯಾಯಿತು. ಎರಡನೆಯ ವಾರಕ್ಕೆ ಏನೂ ಆಗಲಿಲ್ಲ. ಅದನ್ನು ನೆನೆದರೆ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಮಾನ್ವಿಯಲ್ಲಿ ಹೆಂಡತಿಯ ತಮ್ಮ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಹೋದೆವು. ಬೆಳಿಗ್ಗೆ ಹೋಮ, ಮಧ್ಯಾಹ್ನ ಊಟ. ಅಲ್ಲಿ ಪಥ್ಯಕ್ಕೆ ರಜೆ ಎಂದು ನಾನೇ ಘೋಷಿಸಿಕೊಂಡು ಎರಡು ಹೋಳಿಗೆ ತುಪ್ಪದಲ್ಲಿ ಮುಳುಗಿಸಿ ಉಂಡೆ. ಅಂಗಳದಲ್ಲಿ ಕೈ ತೊಳೆಯುವಾಗ, ಬಡಿಸುತ್ತಿದ್ದ ಹೆಂಡತಿ ಪಂಕ್ತಿಯ ಆ ತುದಿಯಿಂದ ಹುಬ್ಬೆತ್ತಿದಳು. ಅಷ್ಟು ಜನರ ನಡುವೆಯೂ ಅವಳು ಮರೆತಿರಲಿಲ್ಲ. ಆತು ಎಂದು ತಲೆಯಾಡಿಸಿದೆ.

ಊಟವಾದ ಮೇಲೆ ಭಾವಮೈದುನ ಮಾಳಿಗೆ ತೋರಿಸುತ್ತೇನೆ ಎಂದ. ಹತ್ತು ಮೆಟ್ಟಿಲು ಹತ್ತಿದೆ. ಎದೆಯ ಮೇಲೆ ಅಂಗೈ ಬಂತು. ಕೂತೆ. ಈ ಸಲ ಕೂತರೂ ಅದು ಹೋಗಲಿಲ್ಲ. ದವಡೆಗೆ ಏರಿತು, ಎಡಗೈಯೊಳಗೆ ಇಳಿಯಿತು. ಅಂಗಿ ಒದ್ದೆಯಾಯಿತು. ಗ್ಯಾಸು ಎನ್ನಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ.

ಭಾವಮೈದುನನೇ ಕಾರು ಓಡಿಸಿದ. ಹೆಂಡತಿ ಇನ್ನೂ ಊಟ ಮಾಡಿರಲಿಲ್ಲ, ಉಟ್ಟ ಮಡಿಸೀರೆಯಲ್ಲೇ ಹತ್ತಿ ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು. ಮಾನ್ವಿಯಿಂದ ರಾಯಚೂರಿಗೆ ಆ ದಾರಿಯಲ್ಲಿ ನಾನು ನೂರಾರು ಸಲ ಓಡಾಡಿದ್ದೇನೆ, ಅಷ್ಟು ಉದ್ದ ಎಂದೂ ಇರಲಿಲ್ಲ. ಭತ್ತದ ಲಾರಿಗಳು ಒಂದರ ಹಿಂದೆ ಒಂದು. ಅವಳು ದೇವರ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ನನ್ನ ಬೆವರು ಒರೆಸುತ್ತಿದ್ದಳು. ನನಗೆ ಸಾಯುವ ಹೆದರಿಕೆಯಾಗಿತ್ತು. ಅದಕ್ಕಿಂತ ಸಣ್ಣದಾಗಿ, ಅದರ ಪಕ್ಕದಲ್ಲೇ, ಗೊತ್ತಾಗಿಬಿಡುತ್ತದೆಂಬ ಹೆದರಿಕೆಯೂ ಇತ್ತು.

ದವಾಖಾನೆಯಲ್ಲಿ ಅದೇ ಡಾಕ್ಟರು. ಎದೆಗೆ ವೈರು ಅಂಟಿಸಿ, ಉದ್ದನೆಯ ಕಾಗದ ಎಳೆದು ನೋಡಿದರು. ಹಾರ್ಟ್ ಅಟ್ಯಾಕು, ಕೂಡಲೇ ಒಳಗೆ ತೆಗೆದುಕೊಳ್ಳಬೇಕು, ಸ್ಟೆಂಟು ಹಾಕಬೇಕು ಎಂದರು. ಬಾಯಿಗೆ ಏನೇನೋ ಗುಳಿಗೆ ಹಾಕಿ ಅಗಿಯಲು ಹೇಳಿದರು. ಸಹಿ ಮಾಡಿಸಿಕೊಳ್ಳುತ್ತ ಹೆಂಡತಿಯನ್ನು ಕೇಳಿದರು:

“ಗುಳಿಗಿ ಬರಾಬರಿ ತಗೋತಿದ್ರೇನಮ್ಮ?”

“ಒಂದು ದಿನಾನೂ ತಪ್ಪಿಸಿಲ್ರೀ” ಎಂದಳು ಅವಳು. “ದಿನಾ ನಾ ಕೇಳ್ತೀನಿ. ಇವತ್ತ ಸುದ್ದಾ ತೊಗೊಂಡಾರ. ದೇವರ ಆಣಿ ಮಾಡಿ ಹೇಳ್ತೀನ್ರೀ ಬೇಕಾದ್ರ.”

ಡಾಕ್ಟರು ತಮ್ಮ ಕೈಕೆಳಗಿನವನ ಕಡೆ ತಿರುಗಿ, ಪೂರ್ತಿ ಡೋಸಿನಲ್ಲೂ ಹೀಗಾಗಿದೆ ಎಂದರೆ ಈ ಔಷಧಿ ಇವರಿಗೆ ಹತ್ತುತ್ತಿಲ್ಲ, ಬೇರೆ ಇಂಜೆಕ್ಷನ್ ನೋಡಬೇಕು, ಮುಂದಿನದನ್ನೂ ಬೇರೆಯೇ ಯೋಚಿಸಬೇಕು ಎಂದು ಹೇಳತೊಡಗಿದರು. ಅವನು ಬರೆದುಕೊಳ್ಳುತ್ತಿದ್ದ. ಹೆಂಡತಿ ಪಕ್ಕದಲ್ಲಿ ನಿಂತು, ಅವನು ಬರೆದದ್ದಕ್ಕೆಲ್ಲ ಹೌದೆಂದು ತಲೆಯಾಡಿಸುತ್ತಿದ್ದಳು. ನನ್ನ ಸುಳ್ಳು ಅವಳ ಬಾಯಿಂದ ಹೊರಟು, ಕಾಗದದ ಮೇಲೆ ನನ್ನ ಚಿಕಿತ್ಸೆಯಾಗುತ್ತಿತ್ತು.

“ಇಲ್ರಿ ಡಾಕ್ಟರೇ” ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. “ನಾಲ್ಕು ತಿಂಗಳಾತು. ನಾ ಗುಳಿಗಿ ನುಂಗಿಲ್ಲ.”

ಬರೆಯುತ್ತಿದ್ದವನ ಪೆನ್ನು ನಿಂತಿತು. ಡಾಕ್ಟರು ಬೈಯಲಿಲ್ಲ. “ಛಲೋ ಆತು ಹೇಳಿದ್ರಿ” ಎಂದು ಹಳೆಯದನ್ನು ಹೊಡೆದುಹಾಕಿಸಿ ಬೇರೆ ಬರೆಸಿದರು. ನಾನು ಹೆಂಡತಿಯನ್ನು ನೋಡಿದೆ. ಅವಳು ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು.

ಸ್ಟೆಂಟು ಹಾಕಿದರು, ಉಳಿದೆ. ಪೊರೆ ಒಡೆದು ರಕ್ತ ಹೆಪ್ಪುಗಟ್ಟಿತ್ತಂತೆ, ಮೊದಲ ದಿನ ಹಾಳೆಯ ಹಿಂದೆ ಬರೆದು ತೋರಿಸಿದ್ದರಲ್ಲ, ಅಕ್ಷರಶಃ ಹಾಗೆಯೇ. ಕಾಲು ನೋವಿನ ವಿಷಯ ಹೇಳಿದಾಗ ಡಾಕ್ಟರು ಮೊದಲ ಸಲ ಸಿಟ್ಟಾದರು. ಆವಾಗಲೇ ಹೇಳಿದ್ದರೆ ಡೋಸು ಇಳಿಸಬಹುದಿತ್ತು, ಬೇರೆ ಗುಳಿಗೆ ಕೊಡಬಹುದಿತ್ತು, ಅದಕ್ಕೆಂದೇ ನಾವು ಕೂತಿರುವುದು ಎಂದರು. ಈಗ ಬೇರೆ ಗುಳಿಗೆ. ಕಾಲು ನೋಯುವುದಿಲ್ಲ.

ಎರಡನೆಯ ದಿನ ಗಬ್ಬೂರಿನ ಗೆಳೆಯ ಬಂದ. ಹೆಂಡತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅವನ ಮುಖ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಬಾಯ್ಲರ್ ತೊಳೀತದ ಅಂದ್ಯಲ್ಲಲೇ. ನಿನ್ನ ರಿಪೋರ್ಟು ತೋರಿಸಿದ್ಯಲ್ಲ.”

“ತೋರಿಸಿದೆ. ನಂದು ಇವತ್ತಿಗೂ ಬರಾಬರಿ ಅದ.” ಅವನು ಅಂಗಿಯ ಜೇಬಿಗೆ ಕೈ ಹಾಕಿ ಗುಳಿಗೆಯ ಪಟ್ಟಿಯೊಂದನ್ನು ತೆಗೆದ. ನಾನು ಮೋರಿಗೆ ಬಿಡುತ್ತಿದ್ದ ಅದೇ ಗುಳಿಗೆ. “ಇದನ್ನ ಒಂದಿನಾನೂ ಬಿಟ್ಟಿಲ್ಲ.”

“ಹೇಳಲಿಲ್ಲಲ್ಲೋ ಮಾರಾಯ!”

“ನೀ ಎಲ್ಲಿ ಕೇಳಿದಿ? ಗುಳಿಗಿ ಎಲ್ಲಾರೂ ನುಂಗ್ತಾರ, ಅದ್ರಾಗ ಹೇಳೂದೇನದ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಬಾಯ್ಲರ್ ತೊಳದ್ವಿ ಅಂತ ನೀರು ಸೋಸೂದು ಬಿಡ್ತೀವೇನಲೇ? ಎಂಥಾ ಮಾಸ್ತರ ಇದ್ದಿ ನೀನು?”

ಅವನು ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ. ಬೆಳ್ಳುಳ್ಳಿ, ಸೀಸೆ, ಗುಡಿಗಳು, ನೋಟುಬುಕ್ಕು, ಎಲ್ಲವನ್ನೂ ಹೇಳಿದೆ. ಆಚಾರ ಕೆಡಿಸಿದ್ದಕ್ಕೆ ಅವಳು ಏನೆನ್ನುತ್ತಾಳೋ ಎಂದು ಕಾಯುತ್ತಿದ್ದೆ. ಮೂವತ್ತಾರು ವರ್ಷದಲ್ಲಿ ಅವಳ ಅಡಿಗೆಮನೆಗೆ ನಾನು ಕೊಡಬಹುದಾಗಿದ್ದ ಇದಕ್ಕಿಂತ ದೊಡ್ಡ ಪೆಟ್ಟು ನನಗೆ ತೋಚುತ್ತಿರಲಿಲ್ಲ. ಅವಳು ಮೋಸಂಬಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ತಿಂದ್ರಿ, ತಿನ್ರಿ. ಅದರಿಂದ ಜೀವ ಉಳೀತದ ಅಂತ ಆ ಡಾಕ್ಟರು ಹೇಳಿದ್ರ ನಾನಾ ಸುಲಿದು ಕೊಡ್ತಿದ್ದೆ. ದೇವರಿಗೆ ನಾ ಹೇಳ್ಕೋತಿದ್ದೆ.” ಮೋಸಂಬಿಯ ತೊಳೆಗಳನ್ನು ತಟ್ಟೆಗೆ ಹಾಕಿ ನನ್ನ ಕಡೆ ಸರಿಸಿದಳು. “ನಾ ಅಲ್ಲೆ ಬಾಗಲದಾಗ ನಿಂತು ದಿನಾ ಕೇಳ್ತಿದ್ದೆ. ನೀವು ದಿನಾ ಆತು ಅಂತಿದ್ರಿ. ಆವಾಗ ನಾ ಉಣಲಿಕ್ಕೆ ಕೂಡ್ತಿದ್ದೆ.”

ನನಗೆ ಅಳು ಬಂತು. ಅಳಬ್ಯಾಡ್ರೀ, ಎದೆಗೆ ತ್ರಾಸಾಗ್ತದ ಎಂದಳು.

ಮನೆಗೆ ಬಂದ ಮೇಲೆ ನಾನು ಗುಳಿಗೆಯನ್ನು ಅವಳೆದುರೇ, ನೀರಿನ ಲೋಟ ಎತ್ತಿ ಹಿಡಿದು ನುಂಗುತ್ತೇನೆ. ಅವಳು ಅಷ್ಟು ಹೊತ್ತಿಗೆ ಒಲೆಯ ಕಡೆ ತಿರುಗಿರುತ್ತಾಳೆ. ಬಾಗಿಲಿಗೆ ಬರುವುದಿಲ್ಲ, ಕೇಳುವುದಿಲ್ಲ. ಉಳಿದೆಲ್ಲ ಎಂದಿನಂತೆ ಇದೆ. ನಡಿಗೆಗೆ ಬರುತ್ತಾಳೆ, ಉಪ್ಪಿಲ್ಲದ ಸಾರು ಉಣ್ಣುತ್ತಾಳೆ, ನಗುವ ಮಾತಿಗೆ ನಗುತ್ತಾಳೆ.

ಮೂರು ತಿಂಗಳಿಗೆ ತೋರಿಸಲು ಹೋದೆವು. ಡಾಕ್ಟರು ನಾಡಿ ನೋಡಿ, ಬಿಪಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿದರು.

“ಗುಳಿಗಿ ಬರಾಬರಿ ತಗೊಳ್ಳಾಕತ್ತಾರೇನಮ್ಮ?”

ಅವಳು ಮಡಿಲಲ್ಲಿದ್ದ ಕೈಚೀಲದ ಹಿಡಿಕೆಯನ್ನು ಸರಿಮಾಡಿಕೊಂಡಳು.

“ಅವರನ್ನ ಕೇಳ್ರೀ. ನನಗ ಗೊತ್ತಿಲ್ಲ.”

“ಒಂದಿನಾನೂ ತಪ್ಪಿಸಿಲ್ರಿ” ಎಂದೆ ನಾನು. ಅದು ನಿಜವೇ ಆಗಿತ್ತು. ಡಾಕ್ಟರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ರಕ್ತಪರೀಕ್ಷೆಗೆ ಬರೆದುಕೊಟ್ಟರು.